ಮಗ ಹರ್ಲಿಂಗ್ ಆಡ್ತೀನಿ ಅಂದರೆ

ಐರ್ಲೆಂಡಿನ ಕಾರ್ಕ್‌ಗೆ ಬಂದು ತಿಂಗಳಾಯ್ತು, ಬಾಡಿಗೆ, ಮಳೆ ಎರಡೂ ಸಾಕಾಗಿದೆ ಅಂದಿರಿ. ಬಾಡಿಗೆ ಇಳಿಯಲ್ಲ, ಮಳೆ ನಿಲ್ಲಲ್ಲ; ಒಳ್ಳೆ ಜಾಕೆಟ್ ಕೊಳ್ಳಿ. ಮಗ ಹರ್ಲಿಂಗ್, ಅಂದರೆ ಇಲ್ಲಿನ ಕೋಲು-ಚೆಂಡಿನ ಆಟ, ಆಡ್ತೀನಿ ಅಂತಿದಾನೆ; ಕೋಚ್ ನಿಮ್ಮ ಎಂಟು ವರ್ಷದ ಮಗನಿಗೆ ಹೇಳಿದ ಶಾನ್ ಓಗ್ ಯಾರು, ಹೊರಗಿಂದ ಬಂದ ಮಕ್ಕಳಿಗೆ ಈ ಆಟ ಒಗ್ಗುತ್ತಾ ಅಂತಲೂ ಕೇಳಿದ್ರಿ. ಅದಕ್ಕೆ ಉತ್ತರ ಇದೆ.

ಕಾರ್ಕ್ ತಂಡದ ಹೆಸರಾಂತ ಹರ್ಲಿಂಗ್ ಆಟಗಾರ ಶಾನ್ ಓಗ್ ಓ ಹಾಲ್ಪೀನ್ ಹುಟ್ಟಿದ್ದು 1977ರಲ್ಲಿ, ಫಿಜಿಯ ರೊಟುಮಾ ದ್ವೀಪದಲ್ಲಿ. ತಾಯಿ ಅಲ್ಲಿಯವರು, ತಂದೆ ಉತ್ತರ ಐರ್ಲೆಂಡಿನ ಫರ್ಮಾನಾದವರು. ಸಿಡ್ನಿಯಲ್ಲಿ ಬೆಳೆದು ಕಾರ್ಕ್‌ಗೆ ಬಂದಾಗ ಹುಡುಗನಿಗೆ ಹನ್ನೊಂದು. 2001ರ ಕಾರು ಅಪಘಾತದಲ್ಲಿ ಮಂಡಿ ಹೋಗಿ, ಎದ್ದು ಬಂದು, 2004ರಲ್ಲಿ ವರ್ಷದ ಆಟಗಾರ. 2005ರಲ್ಲಿ ಕಾರ್ಕ್ ತಂಡದ ಕ್ಯಾಪ್ಟನ್; ಆಲ್-ಐರ್ಲೆಂಡ್ ಫೈನಲ್‌ನಲ್ಲಿ ಗಾಲ್ವೇ ತಂಡವನ್ನು ಸೋಲಿಸಿ ಕಪ್ ಎತ್ತಿದಾಗ ಭಾಷಣ ಮಾಡಿದ್ದು ಐರಿಷ್ ಭಾಷೆಯಲ್ಲಿ. ಈ ಆಟಕ್ಕೆ ಸಂಬಳ ಇಲ್ಲ. ಹೊಟ್ಟೆಪಾಡಿಗೆ ಶಾನ್ ಓಗ್ ಮಾಡ್ತಿದ್ದದ್ದು ಬ್ಯಾಂಕ್ ಕೆಲಸ. ನಮ್ಮವರಿಗೆ ಇದು ಅರ್ಥವಾಗೋದು ಕಷ್ಟ.

ಈಗ ಕೋಲು, ಅಂದರೆ ಹರ್ಲಿ. ಮಗು ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ, ನೆಲಕ್ಕೆ ಊರಿದ ಕೋಲಿನ ಹಿಡಿಯ ತುದಿ ಮಣಿಕಟ್ಟಿನ ಮೂಳೆಗೆ ಬರಬೇಕು. ಎಂಟು ವರ್ಷಕ್ಕೆ ಸಾಮಾನ್ಯವಾಗಿ 26ರಿಂದ 28 ಇಂಚು. ಅಗಲ ತುದಿಯ ಲೋಹದ ಪಟ್ಟಿ ಸಡಿಲಾಗಿದ್ರೆ ಆಡಿಸಬೇಡಿ. ಮುಖಕ್ಕೆ ಜಾಲರಿ ಇರೋ ಹೆಲ್ಮೆಟ್ ಕಡ್ಡಾಯ. ದೊಡ್ಡವರ ಚೆಂಡು 110ರಿಂದ 120 ಗ್ರಾಂ ತೂಗುತ್ತೆ, ಅದನ್ನ ಕೊಡಬೇಡಿ. ಮಕ್ಕಳಿಗೆ ಹಗುರದ್ದು ಬೇರೆ ಸಿಗುತ್ತೆ.

ನಮ್ಮ ಮಕ್ಕಳು ಎಡವೋದು ಹಿಡಿತದಲ್ಲಿ. ಕ್ರಿಕೆಟ್ ಬ್ಯಾಟಿಗೆ ಬಲಗೈಯವನು ಎಡಗೈಯನ್ನ ಮೇಲುಗಡೆ ಇಡ್ತಾನೆ. ಇಲ್ಲಿ ಉಲ್ಟಾ, ಬಲಗೈ ಮೇಲುಗಡೆ. ಯಾಕಂದ್ರೆ ಓಡುವಾಗ ಕೋಲು ಒಂದೇ ಕೈಯಲ್ಲಿ, ಬಲವಾದ ಕೈಯಲ್ಲಿ ಇರುತ್ತೆ. ಎಡಗೈ ಚೆಂಡು ಹಿಡಿಯೋಕೆ. ಹಿಡಿದ ಚೆಂಡನ್ನ ಮೇಲೆ ಹಾರಿಸಿ ಹೊಡೆಯುವಾಗ ಎಡಗೈ ಬಲಗೈ ಕೆಳಗೆ ಬಂದು ಸೇರುತ್ತೆ. ಕ್ರಿಕೆಟ್ ಹಿಡಿತದವನು ಪ್ರತಿ ಸಲ ಕೈ ಬದಲಿಸಬೇಕು. ಅಷ್ಟರಲ್ಲಿ ಎದುರಾಳಿ ಕೋಲು ಅಡ್ಡ ಹಾಕಿರ್ತಾನೆ. ಮೊದಲ ವಾರವೇ ತಿದ್ದಿ. ಅಭ್ಯಾಸ ಅಂಟಿದ್ರೆ ಬಿಡಿಸೋದು ಹಲ್ಲು ಕೀಳಿಸಿದಷ್ಟೇ ಕಷ್ಟ.

ಇನ್ನೊಂದು ಮಾತು, ನಮ್ಮೂರ ಬುದ್ಧಿ. ಯೂನಿಫಾರ್ಮ್ ದೊಡ್ಡದು ಹೊಲಿಸೋ ಹಾಗೆ ‘ಮುಂದಿನ ವರ್ಷಕ್ಕೂ ಆಗಲಿ’ ಅಂತ ಉದ್ದದ ಕೋಲು ತರಬೇಡಿ. ಉದ್ದ ಕೋಲು ಭಾರ. ಮಗುವಿನ ಕೈ ಕೋಲಿನ ಮಧ್ಯಕ್ಕೆ ಜಾರುತ್ತೆ, ಏಟು ತಪ್ಪುತ್ತೆ, ಹುಡುಗ ಬೇಜಾರಾಗಿ ಬಿಡ್ತಾನೆ. ನಾವು ತಂದ 34 ಇಂಚಿನದು ಬಾಗಿಲ ಹಿಂದಿದೆ, ಜೇಡರ ಬಲೆ ತೆಗೆಯೋಕೆ ಚೆನ್ನಾಗಿದೆ.