ಬಿಲ್ಲು ಸೊನ್ನೆ, ಮನೆ ಕೆಂಡ

ಪ್ರಶ್ನೆ: ನಮ್ಮದು ಒಂದಂತಸ್ತಿನ ಆರ್‌ಸಿಸಿ ಮನೆ. ಬೇಸಿಗೆಯಲ್ಲಿ ರಾತ್ರಿ ಹನ್ನೊಂದಾದರೂ ಮಲಗೋಕೆ ಆಗಲ್ಲ, ಫ್ಯಾನು ಬಿಸಿಗಾಳಿ ಬೀಸುತ್ತದೆ. ಗೃಹಜ್ಯೋತಿಯಲ್ಲಿ ನಮಗೆ 154 ಯೂನಿಟ್ ಉಚಿತ. ಏಪ್ರಿಲ್‌ನಲ್ಲಿ 212 ಆಗಿ, ಪೂರ್ತಿ ಬಿಲ್ ಕಟ್ಟಬೇಕಾಯಿತು. ಮಗ ಎಸಿ ಹಾಕಿಸೋಣ ಅಂತಾನೆ. ಸೋಲಾರ್‌ನವರು ಮೂರು ಕಿಲೋವಾಟ್ ಪ್ಯಾನೆಲ್ ಅಂತಾರೆ. ಅತ್ತೆ ಮಾತ್ರ ತಾರಸಿ ಮೇಲೆ ಚಪ್ಪರ ಹಾಕಿಸಿ, ಸಾಕು ಅಂತಾರೆ. ಕೈಯಲ್ಲಿರೋದು ಇಪ್ಪತ್ತು ಸಾವಿರ. ಮೊದಲು ಯಾವುದು?
– ಓದುಗರು, ಶ್ರೀನಿವಾಸಪುರ

ಉತ್ತರ: ಅತ್ತೆಯವರ ಮಾತು ಕೇಳಿ.

ನಾನಿರುವುದು ಕೋಲಾರದ ಹಳೇ ಚಪ್ಪಡಿ ಮನೆಯಲ್ಲಿ. ಕಲ್ಲಿನ ಮನೆ ತಂಪು ಅನ್ನುವವರು ಮೇ ತಿಂಗಳಲ್ಲಿ ಬಂದು ಒಂದು ರಾತ್ರಿ ಮಲಗಿ ನೋಡಬೇಕು! ಚಪ್ಪಡಿಯಾಗಲಿ ಕಾಂಕ್ರೀಟ್ ಆಗಲಿ, ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ಕೆಳಗೆ ಬಿಡುತ್ತದೆ. ನಿಮ್ಮ ಫ್ಯಾನಿನ ತಪ್ಪೇನಿಲ್ಲ, ಸೂರಿನ ಕೆಳಗೆ ನಿಂತ ಬಿಸಿಗಾಳಿಯನ್ನೇ ಅದು ಕೆಳಕ್ಕೆ ತಳ್ಳುತ್ತಿದೆ. ಹಾಗಾಗಿ ಬಿಸಿಲನ್ನು ಸೂರಿನ ಮೇಲೇ ತಡೆಯಬೇಕು.

ನಾವು ಮಾಡುವುದು ಸುಣ್ಣ. ಶಿವರಾತ್ರಿ ಕಳೆದ ಮೇಲೆ ತಾರಸಿ ಗುಡಿಸಿ ತೊಳೆಸುತ್ತೇವೆ. ಹಿಂದಿನ ದಿನವೇ ಸುಣ್ಣ ಅರಳಿಸಿ, ಸೋಸಿ, ಅಂಟು ಬೆರೆಸಿ ಎರಡು ಕೋಟು ಬಳಿಸುತ್ತೇವೆ. ಸುಣ್ಣದ ಕಲ್ಲು ನೀರಿಗೆ ಬಿದ್ದರೆ ಕೊತಕೊತ ಕುದಿಯುತ್ತದೆ. ಕಬ್ಬಿಣದ ಬಾನಿಯಲ್ಲೇ ಅರಳಿಸಿ, ಮಕ್ಕಳನ್ನು ದೂರ ಇಡಿ. ಬಿಳಿ ತಾರಸಿ ಬಿಸಿಲಿನ ಬಹುಪಾಲನ್ನು ವಾಪಸ್ ಕಳಿಸುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಸುಣ್ಣ ಮಾಸುವುದು ನಿಜ. ಬೇಕಾದರೆ ಅಂಗಡಿಯಲ್ಲಿ ತಾರಸಿಗೆಂದೇ ಬರುವ ಬಿಳಿ ಪೇಂಟ್ ಇದೆ. ಬೆಲೆ ಜಾಸ್ತಿ, ಬಾಳಿಕೆಯೂ ಜಾಸ್ತಿ.

ಇನ್ನು ಚಪ್ಪರ. ತೆಂಗಿನ ಗರಿ ಚೆನ್ನಾಗಿರುತ್ತದೆ, ಆದರೆ ಒಣಗಿದ ಗರಿಗೆ ಒಂದು ಕಿಡಿ ಸಾಕು. ನಮ್ಮ ಕಡೆ ನರ್ಸರಿಯವರು ಕಟ್ಟುವ ಹಸಿರು ನೆರಳುಬಲೆ ತಂದು ತಾರಸಿಯಿಂದ ಆರೇಳು ಅಡಿ ಮೇಲೆ ಕಟ್ಟಿಸಿ. ಕೆಳಗೆ ಗಾಳಿ ಆಡಬೇಕು. ಮಧ್ಯಾಹ್ನದ ಬಿಸಿಲು ಹೊಡೆಯುವ ಪಶ್ಚಿಮದ ಗೋಡೆಗೆ ಹೀರೆಯನ್ನೋ ಸೋರೆಯನ್ನೋ ಹಬ್ಬಿಸಿ. ಅತ್ತೆಯವರಿಗೆ ಅದನ್ನು ಹೇಳಿಕೊಡುವ ಅಗತ್ಯ ಇರಲಿಕ್ಕಿಲ್ಲ!

ಉಳಿದ ದುಡ್ಡಲ್ಲಿ ಫ್ಯಾನು ಬದಲಿಸಿ. ಹಳೇ ಫ್ಯಾನು 75 ವಾಟ್ ಎಳೆಯುತ್ತದೆ, ಕರೆಂಟ್ ಕಡಿಮೆ ಎಳೆಯುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ಮೂರು ಫ್ಯಾನು ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ ಹತ್ತಿರ ಹತ್ತಿರ 48 ಯೂನಿಟ್ ಉಳಿಯುತ್ತದೆ. ನಿಮ್ಮ 212 ಆಗ 164ಕ್ಕೆ ಇಳಿಯುತ್ತದೆ. ಗೃಹಜ್ಯೋತಿಯಲ್ಲಿ 200 ದಾಟಿದರೆ ತಾನೇ ಪೂರ್ತಿ ಬಿಲ್ಲು? ಅದರೊಳಗಿದ್ದರೆ ನಿಮ್ಮ ಮಿತಿ ಮೀರಿದ 10 ಯೂನಿಟ್ಟಿಗೆ ಮಾತ್ರ ಕಟ್ಟುತ್ತೀರಿ. ಹಾಕಿಸುವಾಗ ಹಳೇ ರೆಗ್ಯುಲೇಟರ್ ತೆಗೆಸಿ, ಈ ಫ್ಯಾನಿಗೆ ಅದು ಹೊಂದುವುದಿಲ್ಲ.

ಎಸಿ ಈ ವರ್ಷ ಬೇಡ. ರಾತ್ರಿಯೆಲ್ಲ ಓಡಿದರೆ ಏಪ್ರಿಲ್, ಮೇ ಎರಡೂ ತಿಂಗಳು 200 ದಾಟುವುದು ಖಂಡಿತ. ಕಾದ ಸೂರಿನ ಕೆಳಗಂತೂ ಅದು ಸುಮ್ನೆ ಒದ್ದಾಡುತ್ತದೆ.

ಪ್ಯಾನೆಲ್ ವಿಷಯಕ್ಕೆ ಬರೋಣ. 2024ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವಾಟ್‌ಗೆ 30,000, ಎರಡಕ್ಕೆ 60,000, ಮೂರಕ್ಕೆ 78,000 ರೂಪಾಯಿ ಸಬ್ಸಿಡಿ ಇದೆ. ಆದರೆ ಒಂದು ಕಿಲೋವಾಟ್ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಮೂರು ಅಂದರೆ ತಿಂಗಳಿಗೆ 360. ಅಷ್ಟು ನಿಮ್ಮ ಮನೆಗೆ ಯಾಕೆ? ವರ್ಷದಲ್ಲಿ ಬಹುತೇಕ ತಿಂಗಳು ಬಿಲ್ಲೇ ಬರದವರಿಗೆ ಹಾಕಿದ ದುಡ್ಡು ಬೇಗ ಹುಟ್ಟುವುದೂ ಇಲ್ಲ. ಮಾರುವವರು ಹೇಳದ ಇನ್ನೊಂದು ಮಾತು: ಬ್ಯಾಟರಿ ಇಲ್ಲದ ಪ್ಯಾನೆಲ್, ಊರಲ್ಲಿ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ.

ಹಾಗಂತ ಪ್ಯಾನೆಲ್ ಬೇಡವೇ ಬೇಡ ಅನ್ನಲಾರೆ. ಬಿಲ್ಲು ಸೊನ್ನೆ ಬಂದ ತಿಂಗಳಲ್ಲೂ ನಿಮ್ಮ ಮನೆಯ ಕರೆಂಟಿಗಾಗಿ ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ಕಲ್ಲಿದ್ದಲು ಉರಿದಿರುತ್ತದೆ. ಆ ಲೆಕ್ಕ ಮನಸ್ಸಿಗೆ ಚುಚ್ಚುವುದಾದರೆ, ಮುಂದೆ ಕೈಯಲ್ಲಿ ದುಡ್ಡಾದಾಗ ಒಂದು ಕಿಲೋವಾಟ್ ಹಾಕಿಸಿ. ಸಾಲ ಮಾಡಿ ಬೇಡ.

ಪ್ರಶ್ನೆ: ಸೋಲಾರ್ ವಾಟರ್ ಹೀಟರ್ ಹಾಕಿಸಿ ಮೂರು ವರ್ಷ ಆಯಿತು. ಈಗ ನೀರು ಉಗುರು ಬೆಚ್ಚಗೆ ಮಾತ್ರ ಬರುತ್ತದೆ. ಹೊಸದು ತಗೊಳ್ಳಬೇಕಾ?
– ಓದುಗರು, ಮಾಲೂರು

ಉತ್ತರ: ಬೋರ್ ನೀರು ಬಿಡುತ್ತಿದ್ದೀರಿ ಅಲ್ವಾ? ಗಡಸು ನೀರು ಕಾದಾಗಲೆಲ್ಲ ಒಳಗೆ ಬಿಳಿ ಪದರ ಕಟ್ಟುತ್ತದೆ. ಅದು ದಪ್ಪವಾದಷ್ಟೂ ನೀರಿನ ಓಡಾಟ ಕಡಿಮೆ. ಮೊದಲು ಗಾಜಿನ ಟ್ಯೂಬ್‌ಗಳ ಮೇಲಿನ ಧೂಳು ಒರೆಸಿ ನೋಡಿ, ಕೆಲವೊಮ್ಮೆ ಅಷ್ಟೇ ಇರುತ್ತದೆ. ಆಮೇಲೆ ಗೊತ್ತಿರುವ ಮೆಕ್ಯಾನಿಕ್ ಕೈಯಲ್ಲಿ ಬಿಚ್ಚಿಸಿ ತೊಳೆಸಿ.

ಸಾಧ್ಯವಾದರೆ ಹೀಟರ್‌ಗೆ ಬೇರೆಯೇ ಸಿಂಟೆಕ್ಸ್ ಇಟ್ಟು, ತಾರಸಿ ಮಳೆ ನೀರು ಸೋಸಿ ತುಂಬಿಸಿ. ಸಾವಿರ ಚದರಡಿ ತಾರಸಿ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರ್‌ಗೂ ಜಾಸ್ತಿ. ಶ್ರೀನಿವಾಸಪುರದವರ ಹಾಗೆ ಸುಣ್ಣ ಬಳಿಸುವುದಾದರೆ ಮೊದಲ ಎರಡು ಮೂರು ಮಳೆಯ ನೀರನ್ನು ಹೊರಗೆ ಬಿಡಿ. ಟ್ಯೂಬ್ ಒಡೆದಿಲ್ಲ, ತೊಟ್ಟಿ ಸೋರುತ್ತಿಲ್ಲ ಅಂದರೆ ಹೊಸ ಹೀಟರ್ ಬೇಕಿಲ್ಲ.