ಚೀಲ ಎತ್ತುವ ತೋಳಿಗೆ ಏನೂ ಆಗಲ್ಲ ತಮ್ಮಾ

ಪ್ರಶ್ನೆ: ಅಕ್ಕಾ, ನಾನು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಹಮಾಲಿ. ವಯಸ್ಸು 32. ಮಗಳಿಗೆ ಆರು ವರ್ಷ, ಮಗನಿಗೆ ಎರಡು. ಎರಡೂ ಸಿಸೇರಿಯನ್. ಇನ್ನು ಮಕ್ಕಳು ಬೇಡ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ. ಹೆಂಡತಿಗೆ ರಕ್ತ ಕಡಿಮೆ. "ನೀವೇ ಯಾಕೆ ಆಪರೇಷನ್ ಮಾಡಿಸ್ಕೋಬಾರದು" ಅಂತ ಡಾಕ್ಟರ್ ಕೇಳಿದರು. ಅವ್ವ ಗಾಬರಿಯಾಗಿ, "ಗಂಡಸು ಹಂಗ ಮಾಡಿಸ್ಕೊಂಡ್ರ ನಾಳಿ ಚೀಲ ಹ್ಯಾಂಗ ಎತ್ತತಿ" ಅಂತಾಳೆ. ಹೆಂಡತಿಯೂ "ನೀವು ಬ್ಯಾಡ್ರಿ, ನಾನೇ ಮಾಡಿಸ್ಕೋತೀನಿ" ಅಂತಾಳೆ. ಏನು ಮಾಡಲಿ ಹೇಳ್ರಿ.

ಉತ್ತರ: ತಮ್ಮಾ, ಡಾಕ್ಟರ್ ಕೇಳಿದ್ದನ್ನು ಮನೆಗೆ ಬಂದು ಹೇಳಿದೆಯಲ್ಲ, ಅದೇ ನನಗೆ ಖುಷಿ. ಎಷ್ಟೋ ಮಂದಿ ಆ ಮಾತನ್ನು ಆಸ್ಪತ್ರೆ ಮೆಟ್ಟಿಲ ಮೇಲೇ ಬಿಟ್ಟು ಬರುತ್ತಾರೆ.

ಮೊದಲು ಚೀಲದ ವಿಷಯ. ಮಕ್ಕಳಾಗದಂತೆ ಗಂಡಸರಿಗೆ ಮಾಡುವ ಈ ಆಪರೇಷನ್‌ನಲ್ಲಿ ವೀರ್ಯಾಣು ಸಾಗುವ ಎರಡು ಸಣ್ಣ ನಾಳಗಳನ್ನು ಕತ್ತರಿಸಿ ಕಟ್ಟುತ್ತಾರೆ, ಅಷ್ಟೇ. ಬೀಜಕ್ಕೆ ಕೈ ಹಚ್ಚುವುದಿಲ್ಲ. ಗಂಡಸಿನ ಹಾರ್ಮೋನು ಮೊದಲಿನ ಹಾಗೇ ರಕ್ತಕ್ಕೆ ಸೇರುತ್ತಿರುತ್ತದೆ. ತೋಳಿನ ಬಲ, ಹೆಂಡತಿ ಜೊತೆಗಿನ ಸುಖ ಯಾವುದೂ ಕಡಿಮೆಯಾಗಲ್ಲ. ಈಗಿನ ಎನ್‌ಎಸ್‌ವಿ, ಅಂದರೆ ಚಾಕು ಹಾಕದೆ ಮಾಡುವ ವಿಧಾನದಲ್ಲಿ ಹೊಲಿಗೆಯೂ ಇಲ್ಲ. ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಇಪ್ಪತ್ತು ನಿಮಿಷದಲ್ಲಿ ಮುಗಿಸಿ, ಅದೇ ದಿನ ಮನೆಗೆ ಕಳಿಸುತ್ತಾರೆ. ಆದರೆ ನಿನ್ನದು ಭಾರ ಎತ್ತುವ ಕೆಲಸ. ಒಂದು ವಾರವಾದರೂ ಚೀಲ ಮುಟ್ಟಬೇಡ. ತೊಗರಿ ಆವಕ ಜೋರಿರುವ ದಿನ ಬಿಟ್ಟು ಹೋಗು. ಸರ್ಕಾರಿ ಆಸ್ಪತ್ರೆಯಲ್ಲಿ ಖರ್ಚಿಲ್ಲ. ಕೂಲಿ ತಪ್ಪಿದ್ದಕ್ಕೆ ಸ್ವಲ್ಪ ಹಣವನ್ನೂ ಕೊಡುತ್ತಾರೆ.

ನಿನ್ನ ಹೆಂಡತಿಗಾದರೆ ಹೊಟ್ಟೆಯೊಳಗೆ ಹೋಗಬೇಕು. ಈಗಾಗಲೇ ಎರಡು ಸಲ ಕೊಯ್ದ ಹೊಟ್ಟೆ, ಮೇಲೆ ರಕ್ತ ಕಡಿಮೆ. ಡಾಕ್ಟರ್ ಸುಮ್ನೆ ಕೇಳಿಲ್ಲ.

ಆದರೂ ನಮ್ಮಲ್ಲಿ ಹೊಟ್ಟೆ ಕೊಯ್ಸಿಕೊಳ್ಳುವುದು ಹೆಂಗಸರೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ನೂರು ಹೆಂಗಸರಲ್ಲಿ 57 ಮಂದಿ ಆಪರೇಷನ್ ಮಾಡಿಸಿಕೊಂಡವರು. ದೇಶದಲ್ಲಿ 38. ಗಂಡ ಮಾಡಿಸಿಕೊಂಡಿರುವುದು ದೇಶದಲ್ಲಿ ಸಾವಿರಕ್ಕೆ ಮೂರು ಮನೆ. ಕರ್ನಾಟಕದಲ್ಲಿ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಮೊದಲು ಹೀಗಿರಲಿಲ್ಲ. ಒಂದು ಕಾಲಕ್ಕೆ ಗಂಡಸರ ಆಪರೇಷನ್ನೇ ಜಾಸ್ತಿ ಆಗುತ್ತಿತ್ತು. 1975-77ರ ತುರ್ತು ಪರಿಸ್ಥಿತಿಯಲ್ಲಿ ಹಿಡಿದು ತಂದು ಇದೇ ಆಪರೇಷನ್ (ನಸಬಂದಿ) ಮಾಡಿದರು, ಆ ಭಯ ಹಳ್ಳಿಹಳ್ಳಿಗೂ ಇಳಿಯಿತು. ನಿಮ್ಮವ್ವನ ಬಾಯಲ್ಲಿ ಈಗ ಬರುತ್ತಿರುವುದೂ ಅಂಥ ಭಯವೇ ಇರಬಹುದು. ಅವಳ ಮೇಲೆ ರೇಗಬೇಡ. ಒಮ್ಮೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗು, ಅವಳೇ ಕೇಳಲಿ.

ಈಗ ಹೇಳುವುದನ್ನು ಚೆನ್ನಾಗಿ ನೆನಪಿಟ್ಟುಕೋ. ಆಪರೇಷನ್ ಆದ ದಿನದಿಂದಲೇ ರಕ್ಷಣೆ ಸಿಗುವುದಿಲ್ಲ. ನಾಳದಲ್ಲಿ ಉಳಿದ ವೀರ್ಯಾಣು ಖಾಲಿಯಾಗಲು ಮೂರು ತಿಂಗಳು ಬೇಕು. ಅಲ್ಲಿವರೆಗೆ ನಿರೋಧ್ ಬಳಸಲೇಬೇಕು. ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ, "ವೀರ್ಯಾಣು ಏನೂ ಇಲ್ಲ" ಅಂತ ಡಾಕ್ಟರ್ ಹೇಳಿದ ಮೇಲಷ್ಟೇ ಬಿಡಬೇಕು. ಇದನ್ನು ಮರೆತ ಮನೆಯಲ್ಲಿ ಹೆಂಡತಿ ಬಸಿರಾದರೆ ಅನುಮಾನ ಬೀಳುವುದು ಅವಳ ಮೇಲೆ. ಏನೂ ತಪ್ಪು ಮಾಡದ ಹೆಣ್ಣುಮಗಳು ತಲೆ ತಗ್ಗಿಸಬೇಕಾಗುತ್ತದೆ. ಅಪರೂಪಕ್ಕೆ, ವರ್ಷಗಳಾದ ಮೇಲೂ ಈ ಆಪರೇಷನ್ ವಿಫಲವಾಗುವುದುಂಟು. ಹಾಗಾದರೆ ಮೊದಲು ನಿನ್ನ ಪರೀಕ್ಷೆ ಮಾಡಿಸು, ಅವಳನ್ನು ಪ್ರಶ್ನೆ ಕೇಳಬೇಡ. ಈ ಮಾತನ್ನು ಅವ್ವನ ಎದುರಿಗೇ ಈಗಲೇ ಹೇಳಿಬಿಡು.

ಇದು ಕಾಯಂ ಆಪರೇಷನ್. ಮತ್ತೆ ಜೋಡಿಸಬಹುದು ಅಂತ ನಂಬಿ ಹೋಗಬೇಡ. ಮನಸ್ಸು ಇನ್ನೂ ಗಟ್ಟಿಯಾಗಿಲ್ಲ ಅನ್ನಿಸಿದರೆ ನಿರೋಧ್ ಇದೆ, ಮೂರು ತಿಂಗಳಿಗೊಮ್ಮೆ ಕೊಡುವ 'ಅಂತರ' ಇಂಜೆಕ್ಷನ್ ಇದೆ, 'ಛಾಯಾ' ಮಾತ್ರೆ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳು. ಕಾಪರ್-ಟಿಯಿಂದ ಕೆಲವರಿಗೆ ಮುಟ್ಟಿನ ರಕ್ತ ಜಾಸ್ತಿ ಹೋಗುತ್ತದೆ. ರಕ್ತ ಕಡಿಮೆ ಇರುವವಳಿಗೆ ಅದನ್ನು ಡಾಕ್ಟರ್ ನೋಡಿಯೇ ಹೇಳಬೇಕು.

ಇನ್ನು ಹೆಂಡತಿ. "ನಾನೇ ಮಾಡಿಸ್ಕೋತೀನಿ" ಅನ್ನುವಾಗ ಅವಳಿಗೆ ಹೆದರಿಕೆ ಇಲ್ಲ ಅಂದುಕೊಂಡೆಯಾ? ನಿನ್ನ ಕೂಲಿ ತಪ್ಪೀತು, ಓಣಿಯವರು ಆಡಿಕೊಂಡಾರು, ಅತ್ತೆ ತನ್ನನ್ನೇ ಬೈದಾಳು ಅಂತ ಅನ್ನುತ್ತಿರಬಹುದು. ಮಕ್ಕಳು ಮಲಗಿದ ಮೇಲೆ ಒಬ್ಬಳೇ ಇದ್ದಾಗ ಕೇಳು. ಆಮೇಲೆ ಅವಳ ರಕ್ತದ ರಿಪೋರ್ಟ್ ತಗೊಂಡು ಇಬ್ಬರೂ ಜೊತೆಗೇ ಆಸ್ಪತ್ರೆಗೆ ಹೋಗಿ.