ತಾರಸಿಯ ಕುಂಡ ಇಳಿಸಿ ಅಂದರೆ: ಅಪಾರ್ಟ್‌ಮೆಂಟ್ ಮೆಂಟೆನೆನ್ಸ್ ಕಂಪನಿ ಜೊತೆ ಹೇಗೆ ಮಾತಾಡಬೇಕು

ನಮಸ್ಕಾರ ಮೇಡಂ. ನೀವು ಕೇಳಿದ್ದು ಇಷ್ಟು: ಸರ್ಜಾಪುರ ರಸ್ತೆಯಲ್ಲಿ ಸ್ವಂತ ಫ್ಲಾಟ್, ತಾರಸಿಯಲ್ಲಿ ನಿಮ್ಮದೂ ಇನ್ನೂ ಮೂರು ಮನೆಯವರದೂ ಕುಂಡಗಳಿವೆ. ಈಗ ಮೆಂಟೆನೆನ್ಸ್ ಕಂಪನಿಯ ಹೊಸ ಎಸ್ಟೇಟ್ ಮ್ಯಾನೇಜರ್ ಬಂದು "ಸೀಪೇಜ್ (ಕೆಳಗೆ ನೀರು ಜಿನುಗೋದು) ಆಗ್ತಿದೆ, ಹದಿನೈದು ದಿನದಲ್ಲಿ ಎಲ್ಲಾ ಇಳಿಸಿ" ಅಂತ ಆ್ಯಪ್‌ನಲ್ಲಿ ನೋಟಿಸ್ ಹಾಕಿದ್ದಾರೆ. ಹಿಂದಿನವರು ಬಾಯಿಮಾತಿನಲ್ಲಿ ಒಪ್ಪಿದ್ದರು.

ನಿಮ್ಮ ಪ್ರಶ್ನೆಗೆ ಉತ್ತರ ಬರೆದ ಒಬ್ಬರು ಮೆಂಟೆನೆನ್ಸ್ ಕಟ್ಟೋದು ನಿಲ್ಲಿಸಿ ಅಂದಿದ್ದಾರೆ. ದಯವಿಟ್ಟು ಬೇಡ. ನಿಲ್ಲಿಸಿದ ದಿನವೇ ಕುಂಡದ ಮಾತು ಮರೆತುಹೋಗಿ ನಿಮ್ಮ ಬಾಕಿಯೇ ದೊಡ್ಡ ವಿಷಯವಾಗುತ್ತದೆ. ನಾನು ನಮ್ಮ ಅಸೋಸಿಯೇಷನ್‌ನಲ್ಲಿ ಕಾರ್ಯದರ್ಶಿ ಆಗಿದ್ದವನು, ತಾರಸಿಯಲ್ಲಿ ತೊಂಡೆ ಚಪ್ಪರ ಹಾಕಿದವನೂ ಹೌದು. ಎರಡೂ ಕಡೆಯ ಗೋಳು ಗೊತ್ತು.

ಮೊದಲು ಯಾರ ಹತ್ತಿರ ಏನು ಕೇಳಬೇಕು ಅನ್ನೋದು. ಆ ಕಂಪನಿಗೆ ಕೆಲಸ ಕೊಟ್ಟಿರೋದು ಅಸೋಸಿಯೇಷನ್, ಅಂದರೆ ಫ್ಲಾಟ್ ಮಾಲೀಕರ ಸಂಘ. ಮ್ಯಾನೇಜರ್ ಉತ್ತರ ಕೊಡಬೇಕಾದದ್ದು ಅದರ ಕಮಿಟಿಗೆ, ಒಂದೊಂದು ಮನೆಗೂ ಅಲ್ಲ. ನಲ್ಲಿ ಸೋರಿದರೆ, ಲಿಫ್ಟ್ ನಿಂತರೆ, ತಾರಸಿ ಗುಡಿಸದಿದ್ದರೆ ಅವರಿಗೆ ಹೇಳಿ. ತಾರಸಿಯಲ್ಲಿ ಕುಂಡ ಇಡಬಹುದೋ ಇಲ್ಲವೋ ಅನ್ನೋದು ಅವರ ಕೈಯಲ್ಲಿಲ್ಲ. ಈ ಕಂಪನಿಗಳಲ್ಲಿ ಮ್ಯಾನೇಜರ್ ಪದೇ ಪದೇ ಬದಲಾಗುತ್ತಾರೆ, ಅವರು ಕೊಟ್ಟ ಬಾಯಿಮಾತೂ ಅವರ ಜೊತೆಗೇ ಹೋಗುತ್ತದೆ. ನಿಮಗೆ ಆಗಿರುವುದು ಅದೇ.

ಇನ್ನೊಂದು ಕಹಿ ಮಾತು. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972ರಲ್ಲಿ ಛಾವಣಿ ಎಲ್ಲರಿಗೂ ಸೇರಿದ ಜಾಗ. "ನಾನೂ ಓನರ್" ಅಂದರೆ ಕೆಳಗಿನ ಮನೆಯವರೂ ಅದನ್ನೇ ಹೇಳುತ್ತಾರೆ. ಹಾಗಾಗಿ ನಾಲ್ಕೂ ಮನೆಯವರು ಸೇರಿ ಕಮಿಟಿಗೆ ಒಂದೇ ಇಮೇಲ್ ಬರೆಯಿರಿ, ಮ್ಯಾನೇಜರ್‌ಗೂ ಅದರ ಪ್ರತಿ ಹೋಗಲಿ. ನಿರ್ಧಾರ ಮೀಟಿಂಗ್ ನಡಾವಳಿಯಲ್ಲಿ ದಾಖಲಾಗಲಿ ಅಂತ ಕೇಳಿ. ವಾಟ್ಸ್ಆ್ಯಪ್ ಜಗಳ ಯಾವ ದಾಖಲೆಗೂ ಬರಲ್ಲ.

ಈಗ ಸೀಪೇಜ್. ಇಲ್ಲಿ ವಾದ ಮಾಡೋದಕ್ಕಿಂತ ಪರೀಕ್ಷೆ ಕೇಳಿ. ಕುಂಡ ಸ್ವಲ್ಪ ಸರಿಸಿ, ಮಳೆನೀರು ಇಳಿಯುವ ಪೈಪಿನ ಬಾಯಿಗೆ ಬಟ್ಟೆ ತುರುಕಿ, ಒಂದಿಂಚು ನೀರು ಒಂದೆರಡು ದಿನ ನಿಲ್ಲಿಸಿ, ಕೆಳಗಿನ ಮನೆಯ ಸೀಲಿಂಗ್ ನೋಡೋದು. ಎಷ್ಟೋ ಸಲ ನೀರು ಇಳಿಯೋದು ಕುಂಡದ ಅಡಿಯಿಂದ ಅಲ್ಲ, ಪ್ಯಾರಾಪೆಟ್ ಗೋಡೆ ಸೇರುವ ಮೂಲೆಯಿಂದಲೋ ಪೈಪ್ ಸುತ್ತಲಿನ ಬಿರುಕಿನಿಂದಲೋ. ಹಾಗೆಂದು ನಮ್ಮ ಕಡೆ ತಪ್ಪೇ ಇರಲ್ಲ ಅಂತಲ್ಲ. ಕುಂಡದ ಮಣ್ಣು, ಒಣ ಎಲೆ ಹೋಗಿ ಆ ಪೈಪಿನ ಜಾಲಿ ಕಟ್ಟಿಕೊಂಡು ನೀರು ನಿಂತರೆ ಬೈಗುಳ ನಮಗೇ. ಪ್ಯಾರಾಪೆಟ್ ಬಿರುಕಿನಲ್ಲಿ ಹಕ್ಕಿ ತಂದು ಹಾಕಿದ ಅರಳಿ ಸಸಿ ಇದ್ದರೆ ಅದೂ ನಮ್ಮ ಲೆಕ್ಕಕ್ಕೇ! ಕಂಡ ಕೂಡಲೇ ಬೇರು ಸಮೇತ ಕಿತ್ತುಬಿಡಿ. ಅಂದಹಾಗೆ, ಬಿಲ್ಡರ್ ಫ್ಲಾಟ್ ಕೊಟ್ಟು ಐದು ವರ್ಷ ಆಗಿಲ್ಲವಾದರೆ ವಾಟರ್‌ಪ್ರೂಫಿಂಗ್ ಕೆಲಸದ ದೋಷವನ್ನು ಅವರೇ ಬಿಟ್ಟಿಯಾಗಿ ಸರಿಮಾಡಿಕೊಡಬೇಕು, 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14ನೇ ಸೆಕ್ಷನ್‌ನಲ್ಲಿದೆ. ಇದನ್ನು ಕಮಿಟಿಗೆ ನೆನಪಿಸಿದರೆ ಅವರ ಕೋಪದ ದಿಕ್ಕೇ ಬದಲಾಗಬಹುದು.

ಭಾರದ ವಿಷಯದಲ್ಲಿ ಮಾತ್ರ ಮ್ಯಾನೇಜರ್ ಹೆದರಿಕೆಗೆ ಅರ್ಥವಿದೆ. ಜನ ಓಡಾಡುವ ತಾರಸಿಗೆ ಕಟ್ಟಡದ ಭಾರ ಲೆಕ್ಕಕ್ಕೆ ಇರುವ ಭಾರತೀಯ ಮಾನದಂಡ ಐಎಸ್ 875 ಪ್ರಕಾರ ಚದರ ಮೀಟರಿಗೆ ಸುಮಾರು 150 ಕೆ.ಜಿ. ಹೆಚ್ಚುವರಿ ಭಾರ ಲೆಕ್ಕ ಹಿಡಿಯುತ್ತಾರೆ. ನಿಮ್ಮ ಕಟ್ಟಡದ ಅಂಕಿ ಸ್ಟ್ರಕ್ಚರಲ್ ಡ್ರಾಯಿಂಗ್‌ನಲ್ಲಿರುತ್ತದೆ, ಕೇಳಿ ನೋಡಿ. 20 ಲೀಟರ್ ಗ್ರೋ ಬ್ಯಾಗಿಗೆ ಬರೀ ಕೆಂಪು ಮಣ್ಣು ತುಂಬಿ ನೀರು ಹಾಕಿದರೆ ಹೆಚ್ಚುಕಮ್ಮಿ 35 ಕೆ.ಜಿ. ನಾಲ್ಕು ಬ್ಯಾಗ್ ಒತ್ತೊತ್ತಾಗಿ ಇಟ್ಟರೆ ಮಿತಿ ಮುಟ್ಟಿದ ಹಾಗೇ. ಕೋಕೋಪೀಟ್, ಕಾಂಪೋಸ್ಟ್ ಜಾಸ್ತಿ ಮಾಡಿ. ದೊಡ್ಡ ಕುಂಡಗಳನ್ನು ಸ್ಲ್ಯಾಬ್ ನಡುವೆ ಇಡದೆ, ಕೆಳಗೆ ಬೀಮ್ ಹಾದುಹೋಗುವ ಕಡೆ ಇಡಿ. ಎಲ್ಲವೂ ಸ್ಟ್ಯಾಂಡ್ ಮೇಲಿರಲಿ, ಅಡಿಯಲ್ಲಿ ಪೊರಕೆ ಆಡುವಷ್ಟು ಜಾಗ ಬೇಕು. ನಿಮ್ಮ ಫೋಟೋದಲ್ಲಿ 200 ಲೀಟರಿನ ನೀಲಿ ಡ್ರಮ್ ಇದೆಯಲ್ಲಾ, ಅದನ್ನು ಇವತ್ತೇ ಇಳಿಸಿ. ನೀರು ತುಂಬಿದರೆ ಕಾಲು ಚದರ ಮೀಟರ್ ಜಾಗದಲ್ಲಿ 200 ಕೆ.ಜಿ. ನಿಂತ ಹಾಗೆ. ಯಾವ ಎಂಜಿನಿಯರ್ ಬಂದರೂ ಮೊದಲು ಬೆರಳು ತೋರಿಸೋದು ಅದಕ್ಕೇ.

ನೀರಿನ ಬಗ್ಗೆಯೂ ಇದೇ ಇಮೇಲ್‌ನಲ್ಲಿ ಬರೆಯಿರಿ. 2024ರ ಬರದಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂದಿತ್ತು, ನೆನಪಿರಬಹುದು. ನಾವು ಎಸ್‌ಟಿಪಿ ನೀರು (ಕೊಳಚೆ ನೀರು ಶುದ್ಧೀಕರಿಸಿ ಬಂದದ್ದು) ಬಳಸುತ್ತೇವೆ ಅಂದರೆ ಕಮಿಟಿಗೂ ಖುಷಿ. ಹೂವಿಗೆ, ನಿಂಬೆ ಗಿಡದ ಬುಡಕ್ಕೆ ಪರವಾಗಿಲ್ಲ. ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನಕ್ಕೆ ಬೇಡ. ನಿಮ್ಮಲ್ಲಿ ಬೋರ್‌ವೆಲ್ ನೀರಿಗೆ ಸಾಫ್ಟನರ್ ಇದ್ದರೆ ಇನ್ನೊಂದು ಕಾಟ. ಉಪ್ಪು ಹಾಕಿ ಮೆದು ಮಾಡಿದ ಆ ನೀರಿನಲ್ಲಿ ಸೋಡಿಯಂ ಜಾಸ್ತಿ, ಮಣ್ಣು ಗಟ್ಟಿಯಾಗಿ ಎಲೆಯಂಚು ಸುಡುತ್ತದೆ. ಸಾಫ್ಟನರ್‌ಗೆ ಹೋಗುವ ಮೊದಲಿನ ಲೈನಿನಿಂದ ಒಂದು ನಲ್ಲಿ ಕೊಡಲು ಆಗುತ್ತದಾ ಅಂತ ಕಂಪನಿಯ ಪ್ಲಂಬರ್‌ನ ಕೇಳಿ. ಆ ಪೈಪುಗಳ ಸಂಗತಿ ಮ್ಯಾನೇಜರ್‌ಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಅಪಾರ್ಟ್‌ಮೆಂಟಿನ ಮಾಲಿಗೆ ಡ್ಯೂಟಿ ಹೊತ್ತಿನಲ್ಲಿ ನೂರು ರೂಪಾಯಿ ಕೊಟ್ಟು ನಿಮ್ಮ ಕುಂಡಕ್ಕೆ ನೀರು ಹಾಕಿಸಬೇಡಿ. ಅವರ ಕೆಲಸ ಹೋಗುವ ಹಾಗೆ ಆಗಬಹುದು. ಬದಲಿಗೆ ಅವರು ಗುಡಿಸಿದ ಒಣ ಎಲೆ ನಮಗೆ ಕೊಡಿ ಅಂತ ಮ್ಯಾನೇಜರ್‌ಗೆ ಹೇಳಿ, ಅವರಿಗೆ ಸಾಗಿಸುವ ತಲೆನೋವು ಕಮ್ಮಿ. ಫಾಗಿಂಗ್, ಪೆಸ್ಟ್ ಕಂಟ್ರೋಲ್ ಇರುವ ದಿನ ಮೊದಲೇ ಆ್ಯಪ್‌ನಲ್ಲಿ ಹಾಕಲಿ, ಔಷಧಿ ಹೆಸರು ಸಮೇತ. ತಿನ್ನುವ ಸೊಪ್ಪಿನ ಮೇಲೆ ಅದು ಬೀಳಬಾರದು ಅಲ್ವಾ.

ನೋಟಿಸ್‌ಗೆ ಉತ್ತರ ಅವಧಿ ಮುಗಿಯುವ ಮೊದಲೇ ಹೋಗಲಿ. ಎರಡೇ ಸಾಲು ಸಾಕು: ಡ್ರಮ್ ಇಳಿಸಿದ್ದೇವೆ, ಜಾಲಿ ಸ್ವಚ್ಛ ಮಾಡಿದ್ದೇವೆ, ಫೋಟೋ ಲಗತ್ತಿಸಿದೆ, ಪರೀಕ್ಷೆ ಆಗಿ ಕಮಿಟಿ ತೀರ್ಮಾನಿಸುವ ತನಕ ಉಳಿದ ಕುಂಡ ಇರಲು ಬಿಡಿ. ಕಮಿಟಿ ಮೀಟಿಂಗ್ ಯಾವಾಗ ಅಂತ ತಿಳಿದರೆ ಇಲ್ಲೇ ಹಾಕಿ, ಇಮೇಲ್ ಕರಡು ನೋಡಿಕೊಡುತ್ತೇನೆ.